ಸೊಲ್ಲಿನ ಜಾಗ

ಕುಂದಾಣದ ಸುತ್ತಮುತ್ತ ನಾಲ್ಕು ಹಳ್ಳಿಯಲ್ಲಿ ಮುನಿತಾಯಮ್ಮ ಎಂದರೆ ಯಾರು ಎಂದು ಕೇಳಿ ನೋಡಿ. "ಪಾಪಮ್ಮನ ಹಿಂದೆ ಸೋಬಾನೆ ಹೇಳ್ತಿದ್ಲಲ್ಲ, ಆ ಸಿಡುಕಿ" ಎನ್ನುತ್ತಾರೆ. ಸಿಡುಕಿ ಎಂದರೆ ನನಗೇನೂ ಬೇಜಾರಿಲ್ಲ. ಕೋಪ ನನಗೆ ಹುಟ್ಟಿನಿಂದ ಬಂದದ್ದು, ನಮ್ಮಪ್ಪನಿಗೂ ಇತ್ತು. ಆದರೆ ಆ ‘ಹಿಂದೆ’ ಎನ್ನುವ ಮಾತಿದೆಯಲ್ಲ, ಅದನ್ನು ಕೇಳಿದರೆ ಈಗಲೂ ಮೈ ಉರಿಯುತ್ತದೆ.

ಮದುವೆ ಮನೆಯಲ್ಲಿ ಸೋಬಾನೆ ಕೇಳದವರಿಗೆ ಹೇಳುತ್ತೇನೆ. ಒಬ್ಬಳು ಹಾಡಿನ ಸಾಲು ಹೇಳುತ್ತಾಳೆ. ಇನ್ನೊಬ್ಬಳು ಅದೇ ಸಾಲನ್ನು ಎತ್ತಿಕೊಂಡು ತಿರುಗಿ ಹೇಳುತ್ತಾಳೆ. ಇದಕ್ಕೆ ನಾವು ಸೊಲ್ಲು ಹಿಡಿಯುವುದು ಎನ್ನುತ್ತೇವೆ. ಸೊಲ್ಲು ಹಿಡಿದಿರುವಷ್ಟು ಹೊತ್ತು ಮೊದಲನೆಯವಳು ಉಸಿರು ತೆಗೆದುಕೊಳ್ಳುತ್ತಾಳೆ, ಮುಂದಿನ ಸಾಲು ನೆನೆಸಿಕೊಳ್ಳುತ್ತಾಳೆ, ಎಲೆಅಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ತಳ್ಳುತ್ತಾಳೆ. ಸೊಲ್ಲಿಲ್ಲದೆ ನಮ್ಮ ಕಡೆ ಯಾರೂ ಸೋಬಾನೆ ಹಾಡುವುದಿಲ್ಲ. ನಲವತ್ತು ವರ್ಷ ಪಾಪಮ್ಮ ಹೇಳಿದಳು, ನಾನು ಹಿಡಿದೆ.

ಪಾಪಮ್ಮ ನನ್ನ ವಾರಗಿತ್ತಿ, ನಮ್ಮ ಮನೆಯವರ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತೇನೆ. ಅಣ್ಣತಮ್ಮಂದಿರು ಭಾಗವಾದಾಗ ದೊಡ್ಡ ಮನೆಯ ನಡುವೆ ಒಂದು ಗೋಡೆ ಎದ್ದಿತು. ಆಚೆ ಅವಳು, ಈಚೆ ನಾನು. ಅವಳ ಮಂಚ ಆ ಕಡೆ ಗೋಡೆಗೆ ತಾಗಿದ್ದರೆ ನನ್ನ ಮಂಚ ಈ ಕಡೆ ತಾಗಿತ್ತು. ಒಂದೇ ಇಟ್ಟಿಗೆಯ ತೆಳ್ಳನೆ ಗೋಡೆ. ಮಧ್ಯಾಹ್ನ ಅವಳು ಆಕಳಿಸಿದ್ದು ಕೇಳಿ ನನಗೆ ನಿದ್ದೆ ಬಂದುಬಿಡುತ್ತಿತ್ತು.

ಹಾಡುವಾಗ ನಾವು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಿದ್ದೆವು. ನನಗೆ ಮೈಮರೆಯುವ ಚಾಳಿ. ಅಕ್ಕ ಸಾಲು ಹೇಳುತ್ತಿದ್ದರೆ ನಾನು ಎಲ್ಲಿಗೋ ಹೋಗಿಬಿಡುತ್ತಿದ್ದೆ. ಮದುವಣಗಿತ್ತಿ ಯಾರು, ಊರು ಯಾವುದು ಎಲ್ಲ ಮರೆತು, ಹಾಡಿನೊಳಗಿನ ಹೂವಿನ ತೋಟದಲ್ಲಿ ನಾನೇ ಬುಟ್ಟಿ ಹಿಡಿದು ನಿಂತಿರುತ್ತಿದ್ದೆ. ಆಗ ಅಕ್ಕ ನನ್ನ ಮೊಣಕಾಲಿನ ಮೇಲೆ ಬೆರಳಿನಿಂದ ತಟ್ಟುತ್ತಿದ್ದಳು. ಎರಡು ಸಲ ಬೇಗ, ಒಂದು ಸಲ ನಿಧಾನ. ಸೀರೆಯ ಮೇಲೆ ತಟ್ಟಿದ್ದು ಯಾರ ಕಿವಿಗೂ ಬೀಳುತ್ತಿರಲಿಲ್ಲ. ನನಗೂ ಕೇಳುತ್ತಿರಲಿಲ್ಲ, ಮೊಣಕಾಲಿಗೆ ಗೊತ್ತಾಗುತ್ತಿತ್ತು ಅಷ್ಟೆ. ಬಾಯಿ ತಾನಾಗಿ ತೆರೆದು ಸೊಲ್ಲು ಹೊರಗೆ ಬರುತ್ತಿತ್ತು.

ಮೂರು ವರ್ಷದ ಹಿಂದೆ ರಾಜಘಟ್ಟದಲ್ಲಿ ಒಂದು ಮದುವೆ. ನನಗೆ ವಿಪರೀತ ನೆಗಡಿ. ನಡು ಹಾಡಿನಲ್ಲಿ ದನಿ ಒಡೆಯಿತು. ಅಕ್ಕ ಮುಖ ಸಿಂಡರಿಸಿದಳು. ಶ್ರುತಿ ತಪ್ಪಿದರೆ ಅವಳು ಹಾಗೆ ಮಾಡುವುದು ಹೊಸದೇನಲ್ಲ, ಹುಳಿ ಹುಣಸೆ ಕಚ್ಚಿದವಳ ಹಾಗೆ ಒಂದು ಕಣ್ಣು ಮುಚ್ಚಿ ಮೂಗು ಮೇಲೆತ್ತುತ್ತಾಳೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗಿತ್ತು. ಎದುರಿಗೆ ಮೈಕು ಇದೆ ಎಂಬುದನ್ನು ಮರೆತು, "ಏನೇ ಮುನಿ, ಗಂಟ್ಲಲ್ಲಿ ಕಪ್ಪೆ ಕೂತಿದೆಯೇನೇ?" ಎಂದಳು. ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಹಿತ್ತಲಲ್ಲಿ ಅಡುಗೆ ಮಾಡುತ್ತಿದ್ದವರೂ ಸೌಟು ಹಿಡಿದು ಬಂದು ಯಾರದು ಎಂದು ನೋಡಿ ನಕ್ಕರು.

ಬಸ್ಸಿನಲ್ಲಿ ಬರುವಾಗ ನಾನು ಬೇರೆ ಸೀಟು ಹಿಡಿದು ಕೂತೆ. ಮನೆ ಮುಂದೆ ನಿಂತು ಬಾಯಿಗೆ ಬಂದದ್ದೆಲ್ಲ ಅಂದೆ. "ಇನ್ಮೇಲೆ ನಿನ್ ಹಾಡಿಗೆ ನನ್ ಸೊಲ್ಲಿಲ್ಲ ಕಣಕ್ಕ. ನಿನ್ ಗಂಟ್ಲು ಬಿದ್ದೋಗುತ್ತಲ್ಲ, ಅವತ್ತು ಗೊತ್ತಾಗುತ್ತೆ ನಿಂಗೆ ನನ್ ಬೆಲೆ!" ಅಕ್ಕ ಚಪ್ಪಲಿ ಬಿಟ್ಟು ಒಳಗೆ ಹೋದಳು. ಅವತ್ತಿನಿಂದ ನಮಗೆ ಮಾತಿಲ್ಲ.

ಎರಡು ವರ್ಷ ತುಂಬುವಷ್ಟರಲ್ಲಿ ಅಕ್ಕನ ಗಂಟಲಲ್ಲಿ ಗೆಡ್ಡೆ ಕಾಣಿಸಿಕೊಂಡಿತು. ಬೆಂಗಳೂರಿನಲ್ಲಿ ಆಪರೇಷನ್ ಆಗಬೇಕು, ಜೀವಕ್ಕೆ ಭಯವಿಲ್ಲ, ದನಿ ಮಾತ್ರ ಉಳಿಯುವುದಿಲ್ಲ ಎಂದರಂತೆ ಡಾಕ್ಟರು. ನಾನಾಗ ಅನುಗೊಂಡನಹಳ್ಳಿಯಲ್ಲಿ ಮಗಳ ಬಾಣಂತನ ಮಾಡುತ್ತಿದ್ದೆ. ಫೋನು ಬಂದಾಗ ಮಗುವಿಗೆ ನೀರು ಹಾಕುತ್ತಿದ್ದೆ. ನನ್ನ ಬಾಯಲ್ಲಿ ಬಂದ ಮಾತು ಹೋಗಿ ಅವಳ ಗಂಟಲಿಗೇ ತಗುಲಿತಲ್ಲಪ್ಪಾ ಎಂದುಕೊಂಡೆ. ಬಾಣಂತಿಯನ್ನು ಬಿಟ್ಟು ಹೇಗೆ ಬರಲಿ ಎಂದು ಎಲ್ಲರಿಗೂ ನೆಪ ಹೇಳಿದೆ. ನಿಜ ಹೇಳಬೇಕೆಂದರೆ ಅವಳ ಮುಖ ನೋಡುವ ಧೈರ್ಯವಿರಲಿಲ್ಲ.

ಊರಿಗೆ ಬಂದ ಮೇಲೆ ಮೂಸಂಬಿ ಹಿಡಿದುಕೊಂಡು ಒಂದೇ ಒಂದು ಸಲ ಹೋದೆ. ಕೋಣೆಯ ಹೊಸಿಲಲ್ಲಿ ನಿಂತೆ. ಅಕ್ಕ ಕಣ್ಣು ಬಿಟ್ಟು ನನ್ನನ್ನು ನೋಡಿದಳು. ನೋಡಿ, ಮಗ್ಗುಲು ತಿರುಗಿ ಗೋಡೆಗೆ ಮುಖ ಮಾಡಿ, ಗೋಡೆಯ ಮೇಲೆ ಕೈಯಿಟ್ಟು ಮಲಗಿದಳು. ನಾನು ಹಣ್ಣನ್ನು ಅಲ್ಲೇ ಇಟ್ಟು ಬಂದುಬಿಟ್ಟೆ. ನನ್ನ ಶಾಪದಿಂದಲೇ ದನಿ ಹೋಯಿತು ಎಂದು ಅವಳು ನಂಬಿದ್ದಾಳೆ, ಸಾಯುವ ತನಕ ನನ್ನನ್ನು ಕ್ಷಮಿಸುವುದಿಲ್ಲ ಎಂದು ಅವತ್ತು ನನಗೆ ಖಾತ್ರಿಯಾಯಿತು. ಕೇಳೋಣವೆಂದರೆ ಉತ್ತರ ಕೊಡಲು ಅವಳಿಗೆ ಬಾಯಿಲ್ಲ. ಬರೆದು ತೋರಿಸೋಣವೆಂದರೆ ನಮ್ಮಿಬ್ಬರಿಗೂ ಅಕ್ಷರವಿಲ್ಲ.

ಆಮೇಲೆ ಶುರುವಾಯಿತು ಗೋಡೆಯ ಸದ್ದು. ಮಧ್ಯಾಹ್ನ ಮೂರು ಗಂಟೆ ಹೊತ್ತು, ನಮ್ಮ ಮನೆಯವರು ಡೈರಿ ಕಟ್ಟೆಗೆ ಹೋದ ಮೇಲೆ, ನಾನು ಮಂಚದ ಮೇಲೆ ಕಾಲು ಚಾಚಿ ಟಿವಿ ಹಾಕಿಕೊಂಡಿರುವಾಗ, ಆಚೆಯಿಂದ ಟಕಟಕ, ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕಟಕ, ಟಕ್. ಒಂದು ದಿನ ಅಕ್ಕನ ಸೊಸೆ ರೂಪ ಬಂದು, "ಚಿಕ್ಕತ್ತೆ, ಟಿವಿ ಸೌಂಡು ಸ್ವಲ್ಪ ಕಮ್ಮಿ ಇಡ್ತೀರಾ? ಅತ್ತೆ ಗೋಡೆ ತೋರಿಸಿ ತೋರಿಸಿ ಏನೋ ಹೇಳ್ತಾರೆ" ಎಂದಳು. ನನಗೆ ಎಲ್ಲಿತ್ತೋ ಕೋಪ. "ನನ್ ಮನೆ, ನನ್ ಟಿವಿ" ಎಂದೆ. ಮಾರನೆಯ ದಿನದಿಂದ ಇನ್ನೂ ಜೋರು ಮಾಡಿದೆ. ಸದ್ದು ಮಾತ್ರ ನಿಲ್ಲಲಿಲ್ಲ.

ಹೀಗೆ ಒಂದು ವರ್ಷ ಹೋಯಿತು. ರೂಪಳ ಮಗಳು ಅಕ್ಷತಳಿಗೆ ಮದುವೆ ಗೊತ್ತಾಯಿತು. ಏರ್‌ಪೋರ್ಟ್ ಹತ್ತಿರದ ಒಂದು ಆಫೀಸಿನಲ್ಲಿ ಕೆಲಸ ಮಾಡುವ ಹುಡುಗಿ, ಬಾಯಿ ಜೋರು, ಮನಸ್ಸು ಬೆಣ್ಣೆ. ಚಪ್ಪರದ ಶಾಸ್ತ್ರಕ್ಕೆ ಇನ್ನು ನಾಲ್ಕು ದಿನ ಇದೆ ಎನ್ನುವಾಗ ಊಟ ಮುಗಿಸಿಕೊಂಡು ನಮ್ಮ ಮನೆಗೆ ಬಂದಳು. ಕೈಯಲ್ಲಿ ಫೋನು, ಒಂದು ನೋಟ್‌ಬುಕ್ಕು, ಪೆನ್ನು.

"ಚಿಕ್ಕಜ್ಜಿ, ಕೋಪ ಮಾಡ್ಕೋಬೇಡ. ನಿನ್ನಿಂದ ಒಂದು ಕೆಲಸ ಆಗ್ಬೇಕು" ಎಂದು ಮಂಚದ ಮೇಲೆ ಕೂತಳು.

"ಕೋಪ ಮಾಡ್ಕೊಳೋ ಅಂಥದ್ದೇನೇ ಮಾಡ್ಕೊಂಡ್ ಬಂದೆ?"

"ಅಜ್ಜಿ ಆಪರೇಷನ್‌ಗೆ ಮುಂಚೆ ನಮ್ಮ ಕಂಪ್ಯೂಟರ್‌ನಲ್ಲಿ ಸೋಬಾನೆ ರೆಕಾರ್ಡ್ ಮಾಡಿಸಿದ್ರು. ಹದಿನೇಳು ಹಾಡು. ಈಗ ಅದನ್ನ ಫೋನಿಗೆ ಹಾಕ್ಕೊಂಡಿದೀನಿ. ಚಪ್ಪರದ ದಿನ ಸ್ಪೀಕರ್‌ನಲ್ಲಿ ಹಾಕ್ತೀವಿ. ಆದ್ರೆ ಒಂದು, ಎರಡು, ಮೂರು ಅಂತ ನಂಬರ್ ಮಾತ್ರ ಇದೆ. ಅರಿಶಿನದ್ದು ಯಾವ್ದು, ಬಳೆದ್ಯಾವ್ದು, ಹಸೆಗೆ ಕರೆಯೋದ್ಯಾವ್ದು ಒಂದೂ ಗೊತ್ತಾಗ್ತಿಲ್ಲ. ನೀನು ಕೇಳಿ ಹೇಳು, ನಾನು ಹೆಸರು ಬರ್ಕೋತೀನಿ."

ಅಕ್ಕ ಹಾಡಿಟ್ಟಿದ್ದಾಳೆ ಎಂಬುದೇ ನನಗೆ ಗೊತ್ತಿರಲಿಲ್ಲ. ದನಿ ಹೋಗುತ್ತದೆ ಎಂದು ತಿಳಿದ ವಾರ, ಎರಡು ಮಧ್ಯಾಹ್ನ, ಎಲ್ಲರನ್ನೂ ಆಚೆಗೆ ಕಳಿಸಿ, ಬಾಗಿಲು ಹಾಕಿಕೊಂಡು, ಕಂಪ್ಯೂಟರಿನ ಮುಂದೆ ಒಬ್ಬಳೇ ಕೂತು ಹಾಡಿದಳಂತೆ. ಅಕ್ಷತ ರೆಕಾರ್ಡ್ ಒತ್ತಿ ಹೊರಗೆ ಬಂದುಬಿಡಬೇಕಿತ್ತಂತೆ. ನಾನು ಊರಲ್ಲಿ ಇಲ್ಲದ ಹೊತ್ತು ನೋಡಿಕೊಂಡೇ ಹಾಡಿದ್ದಾಳೆ ಎಂದು ಒಂದು ಮನಸ್ಸು ಅಂದಿತು. ಇನ್ನೊಂದು ಮನಸ್ಸು, ಹಾಕು ಕೇಳೋಣ, ಹಾಕು ಕೇಳೋಣ ಎಂದು ಒಂದೇ ಸಮನೆ ಒದ್ದಾಡಿತು.

"ಹಾಕೇ" ಎಂದೆ.

ಅಕ್ಷತ ಒತ್ತಿದಳು. ಅಂಗೈಯಷ್ಟಗಲದ ಫೋನಿನೊಳಗಿಂದ ಅಕ್ಕ ಬಂದಳು. ಅದೇ ದನಿ, ಸ್ವಲ್ಪ ಒರಟು, ಸ್ವಲ್ಪ ಜೇನು. ‘ಮಲ್ಲಿಗೆ ತಂದೀವಿ, ಮರುಗವ ತಂದೀವಿ, ಬಾ ಮಗಳೆ ಹಸೆಗೆ.’ ನನ್ನ ಕಣ್ಣು ಮುಚ್ಚಿಕೊಂಡವು. ಹೊರಗಿನ ಬಿಸಿಲು, ಕೋಳಿಗಳು, ರಸ್ತೆಯಲ್ಲಿ ಹೋಗುತ್ತಿದ್ದ ಟ್ರ್ಯಾಕ್ಟರು ಎಲ್ಲ ದೂರವಾದವು. ಚಾಪೆ ಕಂಡಿತು, ಅಕ್ಕನ ಹಸಿರು ಬಳೆ ಕಂಡಿತು, ಬುಟ್ಟಿ ಹಿಡಿದು ನಾನು ತೋಟದಲ್ಲಿ ನಿಂತಿದ್ದೆ. ಸಾಲು ಮುಗಿಯುತ್ತಿದ್ದ ಹಾಗೆ ನನ್ನ ಬಾಯಿ ತೆರೆಯಿತು.

ಅಷ್ಟರಲ್ಲಿ ಮುಂದಿನ ಸಾಲು ಬಂದು ಬಿತ್ತು. ಎಲ್ಲೋ ಅವಸರದಲ್ಲಿ ಹಾಡಿದ್ದಾಳೆ ಎಂದುಕೊಂಡು ಮತ್ತೆ ಬಾಯಿ ತೆರೆದೆ. ಮತ್ತೆ ಹಾಗೇ. ಸಾಲಿನ ಬಾಲಕ್ಕೆ ಸಾಲು, ಒಂದು ಉಸಿರಿನಷ್ಟೂ ಎಡೆಯಿಲ್ಲ. ಎರಡನೆಯ ಹಾಡು ಹಾಕಿಸಿದೆ, ಮೂರನೆಯದು ಹಾಕಿಸಿದೆ. ಎಲ್ಲ ಹಾಗೇ. ಹೊಸಿಲು ದಾಟಲು ಕಾಲೆತ್ತಿದಾಗಲೆಲ್ಲ ಬಾಗಿಲು ಮುಖಕ್ಕೆ ಹೊಡೆದಂತೆ ಮುಚ್ಚಿಕೊಳ್ಳುತ್ತಿತ್ತು. ನಲವತ್ತು ವರ್ಷ ಜೊತೆಗೆ ಹಾಡಿದವಳಿಗೆ ಅಕ್ಕ ಒಂದು ಸೊಲ್ಲಿನ ಜಾಗ ಇಟ್ಟಿರಲಿಲ್ಲ. ನೀನು ಬೇಕಿಲ್ಲ ಕಣೇ ಎಂದು ಬಾಯಿಬಿಟ್ಟು ಹೇಳಿದ್ದರೂ ಇಷ್ಟು ನೋಯುತ್ತಿರಲಿಲ್ಲ.

"ನಿಲ್ಸೇ!" ಎಂದು ಕಿರುಚಿದೆ. "ಎತ್ಕೊಂಡ್ ಹೋಗು ಇದನ್ನ. ಒಂದಕ್ಕೂ ನಾನು ಹೆಸರು ಹೇಳಲ್ಲ."

"ಯಾಕೆ ಚಿಕ್ಕಜ್ಜಿ? ಏನಾಯ್ತು?"

"ಏನಾಯ್ತಾ? ನಿಮ್ಮಜ್ಜಿ ಒಬ್ಳೇ ಮಹಾರಾಣಿ ಹಂಗೆ ಹಾಡ್ಕೊಂಡಿದಾಳೆ. ನಾನೊಬ್ಳು ಬದುಕಿದೀನಿ ಅಂತ ನೆನಪಾದ್ರೂ ಇತ್ತಾ ಅವಳಿಗೆ? ಸೊಲ್ಲಿಗೆ ಎಲ್ಲೇ ಬಿಟ್ಟಿದಾಳೆ ಜಾಗ?"

ಅಕ್ಷತಳ ಕಣ್ಣಲ್ಲಿ ನೀರು ತುಂಬಿತು. ಮದುವೆ ಹುಡುಗಿಯನ್ನು ಅಳಿಸಿದೆನಲ್ಲ ಎಂದು ನನಗೂ ಸಂಕಟವಾಯಿತು, ಆದರೆ ಬಾಯಿ ಸೋಲಬೇಕಲ್ಲ. ಅವಳು ಮೂಗು ಒರೆಸಿಕೊಂಡು, "ನಂಗೆ ಸೊಲ್ಲು ಗಿಲ್ಲು ಗೊತ್ತಿಲ್ಲ ಚಿಕ್ಕಜ್ಜಿ. ನಿಧಾನ ಆಗುತ್ತೆ ಅಂತ ಖಾಲಿ ಇದ್ದಿದ್ದನ್ನೆಲ್ಲ ನಾನೇ ತೆಗೆದೆ" ಎಂದಳು.

"ಏನು ಖಾಲಿ?"

"ಅಜ್ಜಿ ಒಂದು ಲೈನ್ ಹಾಡೋರು, ಆಮೇಲೆ ಸುಮ್ನಾಗೋರು. ಮತ್ತೆ ಒಂದು ಲೈನ್, ಮತ್ತೆ ಸುಮ್ನೆ. ಪಾಪ, ಗಂಟ್ಲು ನೋವಿಗೆ ನಿಲ್ಲಿಸಿ ನಿಲ್ಲಿಸಿ ಹಾಡಿದಾರೆ ಅನ್ಕೊಂಡೆ. ಸ್ಪೀಕರ್‌ನಲ್ಲಿ ಹಾಕಿದಾಗ ಮಧ್ಯೆ ಮಧ್ಯೆ ಬ್ಲ್ಯಾಂಕ್ ಬಂದ್ರೆ ಚೆನ್ನಾಗಿರಲ್ಲ ಅಲ್ವಾ? ಕಂಪ್ಯೂಟರ್‌ನಲ್ಲಿ ಅದಕ್ಕೇ ಒಂದು ಆಪ್ಷನ್ ಇದೆ. ಒತ್ತಿದ್ರೆ ಸದ್ದಿಲ್ಲದ ಜಾಗ ಎಲ್ಲ ತಾನೇ ಹುಡುಕಿ ಕಟ್ ಮಾಡುತ್ತೆ. ಹಂಗೆ ಮಾಡಿ ಫೋನಿಗೆ ಹಾಕ್ಕೊಂಡೆ. ಆರು ನಿಮಿಷದ ಹಾಡು ಮೂರೇ ನಿಮಿಷಕ್ಕೆ ಬಂತು."

ಆರಕ್ಕೆ ಮೂರು ಎಂದರೆ ಸರಿಯಾಗಿ ಅರ್ಧ. ಅವಳ ಪಾಲು ಮೂರು, ಉಳಿದ ಮೂರು ಯಾರ ಪಾಲು?

"ಎಷ್ಟೆಷ್ಟು ಹೊತ್ತು ಸುಮ್ನಿದ್ಲೇ ಒಂದೊಂದು ಸಲ?"

"ಸುಮಾರು ಅಷ್ಟೇ ಹೊತ್ತು. ಒಂದು ಲೈನಿನಷ್ಟು."

"ಎಲ್ಲಿದೆ ಅದು? ಮೊದಲಿಂದು, ಕತ್ತರಿಸದೇ ಇರೋದು?"

ಅಕ್ಷತಳ ಮುಖ ಸಣ್ಣಗಾಯಿತು. "ಡಿಲೀಟ್ ಮಾಡಿದೆ ಅನ್ಸುತ್ತೆ ಚಿಕ್ಕಜ್ಜಿ."

ಚಪ್ಪಲಿ ಕೂಡ ಹಾಕಿಕೊಳ್ಳದೆ ನಾನು ಎದ್ದು ನಡೆದೆ. ಅಕ್ಕನ ಮನೆ ಮುಂದೆ ತೆಂಗಿನಗರಿ ರಾಶಿ ಬಿದ್ದಿತ್ತು, ದಾಟಿದೆ. ರೂಪ ಅಕ್ಕಿ ಆರಿಸುತ್ತಿದ್ದವಳು ಮೊರ ಹಿಡಿದುಕೊಂಡೇ ಬಾಯಿ ಬಿಟ್ಟು ನೋಡಿದಳು, ಅವಳನ್ನೂ ದಾಟಿದೆ. ಅಕ್ಕ ಮಲಗಿದ್ದ ಒಳಕೋಣೆಯ ಬಾಗಿಲು ಮುಂದೆ ಮಾಡಿತ್ತು. ಆ ಕಡೆ ನೋಡದೆ ನಡುಮನೆಯ ಮೂಲೆಯಲ್ಲಿದ್ದ ಕಂಪ್ಯೂಟರಿನ ಮುಂದೆ ಹೋಗಿ ನಿಂತೆ. ಕೊರೊನಾ ಕಾಲದಲ್ಲಿ ಈ ಹುಡುಗಿಯ ಕಾಲೇಜು ಪಾಠಕ್ಕೆಂದು ತಂದದ್ದು, ಮೇಲೆ ಹಳೆ ಸೀರೆಯ ತುಂಡು ಹೊದಿಸಿದ್ದರು. ಹಿಂದೆಯೇ ಓಡಿ ಬಂದ ಅಕ್ಷತಳಿಗೆ, "ಹಚ್ಚೇ ಇದನ್ನ" ಎಂದೆ.

ಅದು ಏಳಲಿಕ್ಕೆ ಯುಗ ತೆಗೆದುಕೊಂಡಿತು. ಅಕ್ಷತ ಏನೇನೋ ಒತ್ತಿದಳು, ಹುಡುಕಿದಳು, ಉಗುರು ಕಚ್ಚಿದಳು. ಕೊನೆಗೆ ಪರದೆಯ ಮೂಲೆಯಲ್ಲಿದ್ದ ಒಂದು ಚಿತ್ರದ ಮೇಲೆ ಒತ್ತಿ, "ಇದ್ರಲ್ಲೇನಾದ್ರೂ ಉಳ್ಕೊಂಡಿದ್ರೆ ಇದೆ" ಎಂದಳು.

"ಏನೇ ಅದು?"

"ಕಸದ ಬುಟ್ಟಿ."

"ನಿಮ್ಮಜ್ಜಿ ಹಾಡನ್ನ ಕಸದ ಬುಟ್ಟಿಗೆ ಹಾಕಿದೀಯೇನೇ, ಮುಂಡೇದೆ!"

"ಬೈಬೇಡ ಚಿಕ್ಕಜ್ಜಿ, ಇಲ್ಲಿ ನೋಡು, ಇದೆ! ಹದಿನೇಳೂ ಇದೆ!"

ನಾನು ಆ ಗಾಜಿನ ಪರದೆಗೆ ಕೈ ಮುಗಿದೆ. ಅಕ್ಷತ ಒಂದೊಂದನ್ನೇ ಕಸದಿಂದ ಎತ್ತಿ ಹೊರಗಿಟ್ಟಳು. ಎತ್ತುತ್ತಾ ಒಂದು ಮಾತು ಹೇಳಿದಳು. ಹೋದ ವಾರ ಹಾಡುಗಳನ್ನು ಫೋನಿಗೆ ಹಾಕಿದ ಕೂಡಲೇ ಖುಷಿಯಿಂದ ಅಜ್ಜಿಯ ಮುಂದೆ ಹಿಡಿದಳಂತೆ. ಅಕ್ಕ ಒಂದು ಕ್ಷಣ ಕೇಳಿದಳು. ಆಮೇಲೆ ಮಂಚ ಬಡಿಯತೊಡಗಿದಳು, ಎರಡೂ ಕೈ ಆಡಿಸಿದಳು, ಗೋಡೆ ತೋರಿಸಿದಳು, ಫೋನನ್ನು ನೂಕಿದಳು. ಹೋದ ದನಿಯನ್ನು ಕೇಳಿ ಅಜ್ಜಿಗೆ ತಡೆಯಲಾಗಲಿಲ್ಲ ಎಂದು ಇವರೆಲ್ಲ ಅತ್ತು, ಮತ್ತೆ ಅವಳ ಮುಂದೆ ಅದನ್ನು ಹಾಕಲೇ ಇಲ್ಲವಂತೆ.

"ನನ್ ಫೋನಿಗೆ ಹಾಕು" ಎಂದೆ. ಮಗ ಯುಗಾದಿಗೆ ಕೊಡಿಸಿದ ಫೋನು ಅದು, ಒಳಗೆ ಏನೂ ಇರಲಿಲ್ಲ. ಇಲ್ಲೇ ಕೇಳು ಎಂದು ಅವಳು ಅಂದರೂ ನಾನು ಒಪ್ಪಲಿಲ್ಲ. ಜಾಗ ಇದ್ದರೂ ಅಳು ಬರುತ್ತದೆ, ಇಲ್ಲದಿದ್ದರೂ ಬರುತ್ತದೆ. ಯಾವ ಅಳುವನ್ನೂ ರೂಪಳ ಮುಂದೆ ಅಳುವುದು ನನಗೆ ಬೇಕಿರಲಿಲ್ಲ.

ಚಾರ್ಜರಿನ ವೈರನ್ನೇ ತೆಗೆದು ಒಂದು ತುದಿ ಕಂಪ್ಯೂಟರಿಗೆ, ಇನ್ನೊಂದು ತುದಿ ನನ್ನ ಫೋನಿಗೆ ಚುಚ್ಚಿದಳು. ಪರದೆಯ ಮೇಲೆ ಒಂದು ಹಸಿರು ಗೆರೆ ಹುಟ್ಟಿ ಮೆಲ್ಲಗೆ ಬೆಳೆಯತೊಡಗಿತು. ನಾನು ಆ ಬಿಳಿ ವೈರನ್ನೇ ನೋಡುತ್ತಾ ಕೂತೆ. ಶಾವಿಗೆ ಎಳೆಯ ಹಾಗಿದ್ದ ಅದರೊಳಗೆ ಅಕ್ಕ ನಡೆದು ಬರುತ್ತಿದ್ದಳು. ಅರಿಶಿನದ ಹಾಡು ಮುಂದೆ, ಬಳೆಯ ಹಾಡು ಹಿಂದೆ, ಹಸೆಗೆ ಕರೆಯುವ ಹಾಡು, ಹೆಣ್ಣು ಒಪ್ಪಿಸುವ ಹಾಡು, ಒಂದರ ಸೆರಗು ಒಂದು ಹಿಡಿದು ಸದ್ದಿಲ್ಲದೆ ದಾಟುತ್ತಿದ್ದವು. ನಾವು ಹೋದ ಮದುವೆಗಳೆಲ್ಲ ಜೊತೆಗೆ ದಾಟುತ್ತಿದ್ದವು. ದೊಡ್ಡಬಳ್ಳಾಪುರದ ಬಸ್ಸು, ನೆನೆದ ಚಪ್ಪರ, ಬೆಳಗಿನ ಜಾವದ ಉಪ್ಪಿಟ್ಟು, ಅಕ್ಕನ ಎಲೆಅಡಿಕೆ ಚೀಲ. ಗೆರೆ ಅರ್ಧಕ್ಕೆ ಬಂದಾಗ ನನಗೆ ಒಂದು ಭಯ ಹುಟ್ಟಿತು.

"ಖಾಲೀನೂ ಬರುತ್ತೇನೇ ಇದ್ರಲ್ಲಿ? ದಾರೀಲಿ ಬಿಟ್ಟೋಗಲ್ವಾ?"

ಅಕ್ಷತ ನಗಲಿಲ್ಲ. "ಬರುತ್ತೆ ಚಿಕ್ಕಜ್ಜಿ. ಹಾಡಿಗೆ ಎಷ್ಟು ಜಾಗ ಬೇಕೋ ಖಾಲಿಗೂ ಅಷ್ಟೇ ಬೇಕು" ಎಂದಳು.

ಗೆರೆ ತುಂಬಿತು. ಬೆಚ್ಚಗಾಗಿದ್ದ ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಬಂದೆ. ಬಾಗಿಲು ಹಾಕಿದೆ. ಟಿವಿಯ ಸ್ವಿಚ್ಚು ಆರಿಸಿದೆ. ಎದುರಿನ ಹಳೆ ಗೋಡೆಯಲ್ಲಿ ಹಿಂದೆ ದೀಪ ಇಡುತ್ತಿದ್ದ ಗೂಡಿತ್ತು, ಅದರಲ್ಲಿ ಫೋನಿಟ್ಟು, ಅಕ್ಷತ ಹೇಳಿಕೊಟ್ಟ ಹಾಗೆ ಒತ್ತಿ, ಮಂಚದ ಮೇಲೆ ಕೂತೆ. ಮೂರು ಗಂಟೆಯ ಬಿಸಿಲು ಕಿಟಕಿಯಿಂದ ಬಂದು ನೆಲದ ಮೇಲೆ ಮಲಗಿತ್ತು.

‘ಮಲ್ಲಿಗೆ ತಂದೀವಿ, ಮರುಗವ ತಂದೀವಿ, ಬಾ ಮಗಳೆ ಹಸೆಗೆ.’

ಸಾಲು ಮುಗಿಯಿತು. ಮುಂದಿನ ಸಾಲು ಬರಲಿಲ್ಲ.

ಅಕ್ಕ ನಿಂತಿದ್ದಳು, ನಿಂತು ಕಾಯುತ್ತಿದ್ದಳು. ಅದು ಬರೀ ಖಾಲಿಯೂ ಆಗಿರಲಿಲ್ಲ. ಅವತ್ತಿನ ಫ್ಯಾನು ತಿರುಗುತ್ತಿತ್ತು. ದೂರದಲ್ಲಿ ಒಂದು ವಿಮಾನ ಏರುತ್ತಿತ್ತು, ಹೋದ ವರ್ಷದ ವಿಮಾನ, ಯಾರನ್ನೋ ಹೊತ್ತು ಎಲ್ಲಿಗೋ ಹೋಗಿ ಇಳಿದು ಎಷ್ಟೋ ಕಾಲವಾದದ್ದು, ನನ್ನ ಗೋಡೆಯ ಗೂಡಿನಲ್ಲಿ ಮತ್ತೆ ಏರುತ್ತಿತ್ತು. ಅದರ ಕೆಳಗೆ, ತೀರ ಮೆಲ್ಲಗೆ, ಕುರ್ಚಿಯ ಕೈಯ ಮೇಲೆ ಉಗುರು ಬಿದ್ದ ಸದ್ದು. ಟಕಟಕ. ಟಕ್.

ಎರಡು ಸಲ ಬೇಗ, ಒಂದು ಸಲ ನಿಧಾನ.

ನನ್ನ ಮೊಣಕಾಲು ಜುಂ ಎಂದಿತು. ನಲವತ್ತು ವರ್ಷ ಮೊಣಕಾಲಿಗೆ ಗೊತ್ತಿದ್ದದ್ದು ಕಿವಿಗೆ ಗೊತ್ತಾದದ್ದು ಆಗಲೇ. ಅಕ್ಕ ನನ್ನನ್ನು ಕರೆಯುತ್ತಿದ್ದಳು. ಗಂಟಲು ಹೋಗುವ ಮುಂಚಿನ ವಾರ, ನನ್ನ ಶಾಪ ಕಿವಿಯಲ್ಲಿರುವಾಗಲೇ, ಒಬ್ಬಳೇ ಬಾಗಿಲು ಹಾಕಿಕೊಂಡು ಕೂತು, ಪಕ್ಕದಲ್ಲಿ ನಾನಿದ್ದೇನೆ ಎಂದುಕೊಂಡು, ಒಂದೊಂದು ಸಾಲಿಗೂ ನನ್ನ ಜಾಗ ಬಿಟ್ಟು, ಮೈಮರೆಯಬೇಡ ಕಣೇ ಎಂದು ತಟ್ಟಿ, ಕಾದು, ಮುಂದಿನ ಸಾಲಿಗೆ ಹೋಗಿದ್ದಳು. ಹದಿನೇಳು ಹಾಡಿಗೂ ಹಾಗೇ ಮಾಡಿದ್ದಳು.

ಅಷ್ಟರಲ್ಲಿ ಬೆನ್ನ ಹಿಂದೆ, ಗೋಡೆಯೊಳಗಿಂದ, ಟಕಟಕ, ಟಕ್.

ಅಯ್ಯೋ ದೇವರೇ. ಒಂದು ವರ್ಷ! ಒಂದು ವರ್ಷ ಪ್ರತಿದಿನ ಅವಳು ಗೋಡೆ ತಟ್ಟಿ ಸೊಲ್ಲು ಕೇಳಿದ್ದಳು, ನಾನು ಟಿವಿ ಜೋರು ಮಾಡಿದ್ದೆ. ಮೂಸಂಬಿ ಹಿಡಿದು ಹೋದ ದಿನವೂ ಅವಳು ಮುಖ ತಿರುಗಿಸಿಕೊಂಡದ್ದಲ್ಲ, ಇಲ್ಲಿಂದ ಕರೆಯುತ್ತೇನೆ ಎಂದು ಗೋಡೆಯ ಮೇಲೆ ಕೈಯಿಟ್ಟು ತೋರಿಸಿದ್ದು. ನನ್ನಂಥ ಪಾಪಿ ಈ ಊರಲ್ಲಿ ಇನ್ನೊಬ್ಬಳಿಲ್ಲ.

ಹಾಡುತ್ತಿದ್ದ ಫೋನನ್ನು ಗೂಡಿನಿಂದ ಎತ್ತಿಕೊಂಡು ಓಡಿದೆ. ಗರಿ ತುಳಿದೆ, ರೂಪಳ ಮೊರ ಎಡವಿದೆ, ಒಳಕೋಣೆಯ ಬಾಗಿಲು ನೂಕಿದೆ. ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದ್ದಳು, ಬೆರಳಿನ್ನೂ ಗೋಡೆಯ ಮೇಲಿತ್ತು. ತಿರುಗಿ ನೋಡಿದಳು. ಕತ್ತಿಗೆ ಬಿಳಿ ಬಟ್ಟೆ, ಕೆನ್ನೆ ಒಳಗೆ ಹೋಗಿದೆ, ಕಣ್ಣು ಮಾತ್ರ ಅವೇ.

"ಅಕ್ಕ, ನಾನು ಅವತ್ತು ಅಂದಿದ್ದು..."

ಅಕ್ಕ ಎದ್ದು ಕೂತು ನನ್ನ ಬಾಯಿಗೆ ಅಂಗೈ ಅಡ್ಡ ಹಿಡಿದಳು. ಇನ್ನೊಂದು ಕೈಯಿಂದ ಫೋನು ತೋರಿಸಿದಳು. ಹಾಡು ನಡೆಯುತ್ತಿರುವಾಗ ಮಾತಾಡಿದರೆ ಅವಳಿಗೆ ಮೊದಲಿಂದಲೂ ಆಗುತ್ತಿರಲಿಲ್ಲ. ನಾನು ತೆಪ್ಪಗೆ ಮಂಚದ ಮೇಲೆ ಹತ್ತಿ, ಅವಳ ಮೊಣಕಾಲಿಗೆ ನನ್ನ ಮೊಣಕಾಲು ತಾಗಿಸಿ ಕೂತೆ.

ಸಾಲು ಮುಗಿಯಿತು. ಜಾಗ ಬಂತು. ನಾನು ಅಕ್ಕನ ಮುಖವನ್ನೇ ನೋಡುತ್ತಾ ಮೈಮರೆತೆ. ಫ್ಯಾನು ತಿರುಗಿತು, ಉಗುರು ತಟ್ಟಿತು, ಜಾಗ ಖಾಲಿಯಾಗಿ ಕಳೆದುಹೋಯಿತು. ಮುಂದಿನ ಸಾಲು ಬಂತು. ಅದು ಮುಗಿಯುತ್ತಿದ್ದಂತೆ ಸೀರೆಯ ಮೇಲೆ ಅವಳ ಬೆರಳು ಬಿತ್ತು.

ನನ್ನ ಬಾಯಿ ತಾನಾಗಿ ತೆರೆಯಿತು. ಅಳು, ಸೊಲ್ಲು ಎರಡೂ ಒಟ್ಟಿಗೆ ಹೊರಟು ದನಿ ಅಡ್ಡಡ್ಡ ಒಡೆಯಿತು. ಅಕ್ಕ ಒಂದು ಕಣ್ಣು ಮುಚ್ಚಿದಳು, ಮೂಗು ಮೇಲೆತ್ತಿದಳು, ಹುಣಸೆ ಕಚ್ಚಿದವಳ ಹಾಗೆ ಮುಖ ಸಿಂಡರಿಸಿದಳು.

"ಏನಕ್ಕ ಮುಖ ಸಿಂಡರಿಸ್ತೀಯ? ನೀನೇ ಎತ್ತರಕ್ಕೆ ಹಿಡಿದಿದ್ದೀಯ!" ಎಂದೆ.

ಅಕ್ಕನ ಹೊಟ್ಟೆ ಕುಲುಕಿತು, ಭುಜ ಕುಲುಕಿತು. ಸದ್ದೇ ಇಲ್ಲದೆ ನಗುತ್ತಾ ನಗುತ್ತಾ ಅವಳ ಕಣ್ಣಿಂದ ನೀರು ಇಳಿಯಿತು. ಅಷ್ಟರಲ್ಲಿ ಫೋನಿನೊಳಗಿನ ಅಕ್ಕ ಇನ್ನೊಂದು ಸಾಲು ಹೇಳಿ ಮುಗಿಸಿದ್ದಳು. ಮೊಣಕಾಲಿನ ಮೇಲೆ ಎರಡು ಸಲ ಬೇಗ, ಒಂದು ಸಲ ನಿಧಾನ. ಕಣ್ಣು ಒರೆಸಿಕೊಳ್ಳಲು ಪುರುಸೊತ್ತಿಲ್ಲದೆ ನಾನು ಸೊಲ್ಲು ಹಿಡಿದೆ.